ಮಂಗಳೂರು ಹಂಚು: ನಮ್ಮ ತಲೆಯ ಮೇಲಿದ್ದ ಸರಳತೆ

ಹೆದ್ದಾರಿ ಅಗಲ ಮಾಡುವಾಗ ನಮ್ಮ ಅಂಗಡಿ ಹೋಯಿತು. ತಲಪಾಡಿಯಿಂದ ಕಾಸರಗೋಡಿನ ಕಡೆಗೆ ಓಡಾಡುವವರಿಗೆ ಇದು ಹೊಸ ಸುದ್ದಿಯಲ್ಲ. ದಾರಿಯ ಎರಡೂ ಬದಿಯಲ್ಲಿ ನಮ್ಮಂಥವರ ಅಂಗಡಿಗಳು ಎಷ್ಟೋ ಹೋಗಿವೆ. ಕೆಡಹುವುದಕ್ಕೆ ನಾಲ್ಕು ದಿನ ಮೊದಲು ಉಪ್ಪ ನನ್ನನ್ನು ಕರೆದು ಹೇಳಿದ್ದು ಒಂದೇ ಮಾತು: "ಮೋನೇ, ಗೋಡೆ ಅವರು ಬೀಳಿಸಲಿ. ಓಡು ಮಾತ್ರ ನಾವೇ ಇಳಿಸಬೇಕು."

ನನಗೆ ಆಗ ಅದು ಮುದುಕರ ಹಠ ಅನ್ನಿಸಿತ್ತು. ಹಳೆಯ ಹಂಚಿಗೆ ಎಷ್ಟು ಬೆಲೆ ಬಂದೀತು? ಆದರೂ ಒಬ್ಬ ಆಚಾರಿ, ಇಬ್ಬರು ಹುಡುಗರು, ನಾನು ಸೇರಿ ಎರಡು ದಿನದಲ್ಲಿ ಇಳಿಸಿದೆವು. ಮೇಲೆ ನಿಂತವನು ಹಂಚನ್ನು ಸ್ವಲ್ಪ ಎತ್ತಿ ಜಾರಿಸಿ ಕೆಳಗೆ ಕೊಡುತ್ತಿದ್ದ, ಕೆಳಗಿನವನು ಹಿಡಿದು ಜೋಡಿಸುತ್ತಿದ್ದ. ಸುತ್ತಿಗೆ ಬೇಕಾಗಲಿಲ್ಲ, ಮೊಳೆ ಕೀಳುವ ಕೆಲಸವೂ ಇರಲಿಲ್ಲ. ಉಪ್ಪ ಕುರ್ಚಿ ಹಾಕಿಕೊಂಡು ಕೂತು ಅಕ್ಕಿ ಮೂಟೆ ಎಣಿಸುವ ಹಾಗೆ ಎಣಿಸಿದರು. ಸಾವಿರದ ಇನ್ನೂರ ನಲವತ್ತು ಹಂಚು. ಅದರಲ್ಲಿ ಒಡೆದದ್ದು ನಲವತ್ತಕ್ಕೂ ಕಡಿಮೆ.

ಅಂಗಡಿ ಕಟ್ಟಿದ್ದು ಉಪ್ಪನ ತಂದೆ. ಅಂದರೆ ಅರುವತ್ತು ಮಳೆಗಾಲಕ್ಕೂ ಮೇಲೆ ಆ ಹಂಚುಗಳು ಅಲ್ಲೇ ಕೂತಿದ್ದವು. ಅವರೂ ಅವುಗಳಲ್ಲಿ ಕೆಲವನ್ನು ಯಾವುದೋ ಹಳೆಯ ಕಟ್ಟಡದಿಂದ ಕೊಂಡು ತಂದದ್ದಂತೆ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವನು. ಹತ್ತು ವರ್ಷ ಯಂತ್ರದ ಬಿಡಿಭಾಗಗಳ ಜೊತೆ ಕೆಲಸ ಮಾಡಿದ್ದೇನೆ. ಅರುವತ್ತು ವರ್ಷ ಬಿಸಿಲು ಮಳೆಗೆ ಬಿದ್ದು, ಎಣ್ಣೆಯಿಲ್ಲ, ಬಣ್ಣವಿಲ್ಲ, ಕೊನೆಗೆ ಕೈಯಲ್ಲಿ ಬಿಚ್ಚಿ ಇನ್ನೊಂದು ಕಡೆ ಹಾಗೆಯೇ ಜೋಡಿಸಬಹುದಾದ ಭಾಗ ನಾನು ಯಾವ ಯಂತ್ರದಲ್ಲೂ ಕಂಡಿಲ್ಲ. ಅವತ್ತು ಸಂಜೆ ಒಂದು ಹಂಚನ್ನು ತೊಳೆದು ಮಗುಚಿ ನೋಡಿದೆ. ಈ ಲೇಖನ ಅಲ್ಲಿಂದ ಶುರುವಾಯಿತು.

ಹುಲ್ಲು, ಮಡಲು, ನಾಡ ಓಡು

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಮೀಟರಿನಷ್ಟು ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬೀಳುತ್ತದೆ. ಇಂಥ ಊರಿನಲ್ಲಿ ಮನೆಯೆಂದರೆ ಮೊದಲು ಮಾಡು, ಆಮೇಲೆ ಗೋಡೆ. ಬಡವರ ಮಾಡು ಮುಳಿಹುಲ್ಲಿನದು, ಇಲ್ಲವೇ ಹೆಣೆದ ತೆಂಗಿನ ಮಡಲಿನದು. ತಂಪು ನಿಜ, ಆದರೆ ಕೆಲವೇ ವರ್ಷಕ್ಕೆ ಹೊಸದಾಗಿ ಹೊದೆಸಬೇಕು. ಬೆಂಕಿಯ ಹೆದರಿಕೆ ಬೇರೆ. ಒಲೆಯ ಒಂದು ಕಿಡಿಗೆ ಸಾಲು ಮನೆಗಳೇ ಹೋಗುತ್ತಿದ್ದವು.

ಓಡು ಇರಲಿಲ್ಲವೆಂದಲ್ಲ. ಕುಂಬಾರರು ಕೈಯಲ್ಲಿ ಮಾಡಿದ ಅರೆಗೊಳವೆಯಂಥ ನಾಡ ಓಡು ಇತ್ತು. ಒಂದು ಸಾಲು ಅಂಗಾತ, ಅದರ ಮೇಲೆ ಒಂದು ಸಾಲು ಬೋರಲು. ಒಂದೊಂದರ ಅಳತೆ ಒಂದೊಂದು ಥರ. ಗಾಳಿಗೆ, ಬೆಕ್ಕಿಗೆ, ಮಂಗಕ್ಕೆ ಜರುಗುತ್ತಿತ್ತು. ಒಂದರ ಮೇಲೊಂದು ದಪ್ಪಕ್ಕೆ ಹೊದೆಸಬೇಕಾದ್ದರಿಂದ ಭಾರ ಹೆಚ್ಚು. ಭಾರ ಹೆಚ್ಚಾದರೆ ಮರವೂ ಹೆಚ್ಚು ಬೇಕು.

ಇನ್ನೊಂದು ಅಡ್ಡಿ ದುಡ್ಡಿನದಲ್ಲ. ಹಳೆಯ ಕೇರಳದ ರಾಜ್ಯಗಳಲ್ಲಿ ಮನೆಗೆ ಓಡು ಹಾಕುವುದು ಎಲ್ಲರ ಹಕ್ಕಾಗಿರಲಿಲ್ಲ. ತಿರುವಾಂಕೂರಿನಲ್ಲಿ ಕೆಳಜಾತಿ ಎನ್ನಿಸಿಕೊಂಡವರು ಓಡು ಹೊದೆಸಿದ ಮನೆ ಕಟ್ಟುವ ಹಾಗಿರಲಿಲ್ಲ. ಓಡು ದೇವಸ್ಥಾನಕ್ಕೆ, ಅರಮನೆಗೆ, ಅನುಮತಿ ಪಡೆದ ದೊಡ್ಡ ಮನೆಗಳಿಗೆ. ಮಾಡಿನ ಮೇಲೆ ಏನಿದೆ ಎಂದು ನೋಡಿದರೆ ಒಳಗಿರುವವನು ಯಾರು ಎಂದು ತಿಳಿಯಬೇಕು, ಅದೇ ಅದರ ಅರ್ಥ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಜೆಪ್ಪುವಿನ ಕಾರ್ಖಾನೆ

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು ನಮ್ಮ ಕರಾವಳಿಗೆ ಬಂದದ್ದು 1834ರಲ್ಲಿ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಹೊರಟದ್ದು ಅವರಲ್ಲೊಬ್ಬರಾದ ಹರ್ಮನ್ ಮೊಗ್ಲಿಂಗ್ ಅವರಿಂದ. ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಅಚ್ಚಾದದ್ದೂ ಅವರ ಮುದ್ರಣಾಲಯದಲ್ಲಿ. ಮತಾಂತರವಾದವರು ತಮ್ಮ ಜಾತಿಯ ಕಸುಬು, ಒಕ್ಕಲು, ನೆಂಟಸ್ತಿಕೆ ಎಲ್ಲವನ್ನೂ ಕಳೆದುಕೊಂಡು ಬರುತ್ತಿದ್ದರು. ಅವರಿಗೆ ಕೆಲಸ ಕೊಡಲು ಮಿಷನ್ ನೇಯ್ಗೆ ಶುರು ಮಾಡಿತು, ಆಮೇಲೆ ಹಂಚು.

ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ ಮಿಷನರಿ ನೇತ್ರಾವತಿ, ಗುರುಪುರ ನದಿಗಳ ದಡದ ಜೇಡಿಮಣ್ಣು ಹಂಚಿಗೆ ಹೇಳಿಸಿದ್ದು ಎಂದು ಕಂಡುಕೊಂಡ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ಹತ್ತಿರ, ಕಾರ್ಖಾನೆ ಶುರುವಾಯಿತು. ಮೊದಮೊದಲು ಮಣ್ಣು ನಾದುವ ಗಾಣಕ್ಕೆ ಎತ್ತು, ಅಚ್ಚಿಗೆ ಕೈಯಲ್ಲಿ ತಿರುಗಿಸುವ ಒತ್ತುಯಂತ್ರ. ಉಗಿಯಂತ್ರ ಬಂದದ್ದು ಆಮೇಲೆ.

ಹಂಚಿನ ಆಕಾರ ಪೂರ್ತಿ ಇಲ್ಲಿ ಹುಟ್ಟಿದ್ದಲ್ಲ. ಒಂದಕ್ಕೊಂದು ಕಚ್ಚಿಕೊಳ್ಳುವ ಹಂಚಿಗೆ 1841ರಲ್ಲಿ ಪೇಟೆಂಟ್ ಪಡೆದವರು ಫ್ರಾನ್ಸಿನ ಅಲ್ಸಾಸ್ ಪ್ರಾಂತದ ಆಲ್ಟ್‌ಕಿರ್ಶ್ ಊರಿನ ಜಿಲಾರ್ದೋನಿ ಸಹೋದರರು. ಆ ಊರು ಬಾಸೆಲ್‌ಗೆ ದೂರವಲ್ಲ. ನಮ್ಮ ಮಂಗಳೂರು ಹಂಚೂ ಅದೇ ವಂಶದ್ದು. ಬೀಜ ಅಲ್ಲಿಯದು, ಮಣ್ಣು ನಮ್ಮದು.

ಆಮೇಲೆ ಈ ಕಸುಬು ಒಬ್ಬರ ಕೈಯಲ್ಲೇ ಉಳಿಯಲಿಲ್ಲ. 1868ರಲ್ಲೇ ಪಾಸ್ಕಲ್ ಆಲ್ಬುಕರ್ಕ್ ಎಂಬ ನಮ್ಮ ಊರಿನ ಕೊಂಕಣಿ ಕ್ರೈಸ್ತರು ಸ್ವಂತ ಕಾರ್ಖಾನೆ ತೆರೆದರು. ನಂತರ ನೇತ್ರಾವತಿ, ಗುರುಪುರ ನದಿಗಳ ದಡದುದ್ದಕ್ಕೂ ಚಿಮಣಿಗಳು ಎದ್ದವು. ಮಿಷನ್ ಕೂಡ ಕುದ್ರೋಳಿ, ಮಲ್ಪೆ, ದಕ್ಷಿಣಕ್ಕೆ ಕೋಝಿಕ್ಕೋಡಿನ ಪುದಿಯರ, ಕೊಡಕ್ಕಲ್, ಪಾಲಕ್ಕಾಡ್, ಫರೋಕ್‌ಗಳಲ್ಲಿ ಕಾರ್ಖಾನೆ ಕಟ್ಟಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಮಿಷನ್ನಿನ ಉದ್ಯಮಗಳು ಕೈ ಬದಲಾಗಿ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಗೆ ಸೇರಿದವು. ಕುದುರೆ, ಆನೆ, ನಕ್ಷತ್ರದಂಥ ಗುರುತುಗಳ ಹಂಚುಗಳು ಮಂಗಳೂರಿನ ಬಂದರಿನಿಂದ ಮಂಜಿಗಳಲ್ಲಿ, ಹಡಗುಗಳಲ್ಲಿ ಹೊರಟು ಮುಂಬಯಿ, ಸಿಲೋನ್, ಬರ್ಮಾ, ಏಡನ್, ಪೂರ್ವ ಆಫ್ರಿಕಾದವರೆಗೆ ಹೋದವು. ಮಂಗಳೂರಿನ ಬಂದರು ಎಂದರೆ ನಮ್ಮ ಬ್ಯಾರಿಗಳ ಬೆವರು ಬಿದ್ದ ಜಾಗ. ಧಕ್ಕೆಯಲ್ಲಿ ಹೊರೆ ಹೊತ್ತವರಲ್ಲಿ, ಮಂಜಿಯಲ್ಲಿ ಹೋದವರಲ್ಲಿ, ಸರಕು ಕೊಂಡು ಮಾರಿದವರಲ್ಲಿ ನಮ್ಮ ಹಿರಿಯರಿದ್ದರು. ಹಂಚಿನ ಚರಿತ್ರೆ ಬರೆಯುವಾಗ ಕಾರ್ಖಾನೆ ಕಟ್ಟಿದವರ ಹೆಸರು ಬರುತ್ತದೆ. ಹೊತ್ತವರ ಹೆಸರು ಎಲ್ಲೂ ಬರೆದಿಲ್ಲ.

ಒಂದು ಸಣ್ಣ ವಿಷಯ ಹೇಳಬೇಕು. ಹಳೆಯ ಹಂಚಿನ ಬೆನ್ನಿನಲ್ಲಿ ಬಾಸೆಲ್ ಮಿಷನ್ ಹೆಸರಿನ ಜೊತೆ 1865 ಎಂದು ಅಚ್ಚಾಗಿರುವುದನ್ನು ನೋಡಿ "ನಮ್ಮ ಮನೆಯ ಹಂಚು 1865ರದ್ದು" ಎಂದು ಹೇಳುವವರಿದ್ದಾರೆ. ನಾನೂ ಚಿಕ್ಕಂದಿನಲ್ಲಿ ಶಾಲೆಯಲ್ಲಿ ಹಾಗೆ ಜಂಬ ಕೊಚ್ಚಿದವನೇ. ಅದು ಕಾರ್ಖಾನೆ ಹುಟ್ಟಿದ ವರ್ಷ, ಹಂಚು ಹುಟ್ಟಿದ ವರ್ಷವಲ್ಲ.

ಒಂದು ಹಂಚಿನೊಳಗೆ ಎಷ್ಟು ಕೆಲಸ

ಈಗ ಹಂಚನ್ನು ಕೈಯಲ್ಲಿ ಹಿಡಿಯೋಣ. ಉದ್ದ ಸುಮಾರು 41 ಸೆಂಟಿಮೀಟರ್, ಅಗಲ 23.5. ತೂಕ ಎರಡರಿಂದ ಮೂರು ಕಿಲೋ, ಅಂದರೆ ಒಂದು ಕೈಯಲ್ಲಿ ಹಿಡಿದು ಏಣಿ ಹತ್ತಬಹುದಾದಷ್ಟು. ಮೇಲ್ಮೈಯಲ್ಲಿ ಎರಡು ತಗ್ಗು ದಾರಿಗಳು, ನೀರು ಹರಿಯಲು. ಒಂದು ಅಂಚಿನಲ್ಲಿ ಗಾಡಿ, ಇನ್ನೊಂದು ಅಂಚಿನಲ್ಲಿ ಆ ಗಾಡಿಯ ಮೇಲೆ ಕೂರುವ ತುಟಿ. ಪಕ್ಕದ ಹಂಚು ಇದರ ಮೇಲೆ ಕೂತರೆ ಸಂದಿಗೆ ಬಂದ ನೀರು ಒಳಗೆ ಬೀಳದೆ ಗಾಡಿಯಲ್ಲಿ ಇಳಿದು ಕೆಳಗಿನ ಹಂಚಿನ ಬೆನ್ನಿಗೆ ಹೋಗುತ್ತದೆ. ತಲೆಯ ಭಾಗವೂ ಹಾಗೆಯೇ ಮೇಲಿನ ಸಾಲಿನ ಹಂಚಿನ ಕೆಳಗೆ ಸೇರಿಕೊಳ್ಳುತ್ತದೆ. ಹಿಂಬದಿಯಲ್ಲಿ ಸಣ್ಣ ಗುಬ್ಬಿಗಳಿವೆ. ಅವು ರೀಪಿಗೆ ಸಿಕ್ಕಿಕೊಳ್ಳುತ್ತವೆ. ರೀಪು ಸುಮಾರು ಒಂದೊಂದು ಅಡಿಗೆ ಒಂದು.

ಇಷ್ಟೇ. ಮೊಳೆ ಇಲ್ಲ, ಗಾರೆ ಇಲ್ಲ. ಮಾಡಿನ ನೆತ್ತಿಗೆ ಮಾತ್ರ ಬೇರೆ ಆಕಾರದ ಹಂಚು, ಸ್ವಲ್ಪ ಗಾರೆ. ಉಳಿದ ಇಡೀ ಮಾಡು ಒಂದೇ ಆಕಾರದ ಒಂದೇ ವಸ್ತು. ಅದರ ಸ್ವಂತ ತೂಕವೇ ಅದನ್ನು ಹಿಡಿದಿಡುತ್ತದೆ, ಮಾಡಿನ ಓರೆಯೇ ನೀರನ್ನು ಇಳಿಸುತ್ತದೆ. ಕಬ್ಬಿಣದ ಅಂಶವಿರುವ ಮಣ್ಣು ಸುಟ್ಟರೆ ಸಿಗುವ ಕೆಂಪೇ ಅದರ ಬಣ್ಣ, ಬೇರೆ ಬಳಿಯುವುದಿಲ್ಲ. ಸಂದಿಗಳಿಂದ ಒಲೆಯ ಹೊಗೆ, ಬಿಸಿಗಾಳಿ ಹೊರಗೆ ಹೋಗುತ್ತದೆ. ಬೆಳಕು ಬೇಕೆಂದರೆ ಒಂದು ಹಂಚು ತೆಗೆದು ಅದೇ ಆಕಾರದ ಗಾಜಿನ ಹಂಚು ಹಾಕಿದರಾಯಿತು. ಉಮ್ಮ ಅಕ್ಕಿ ಆರಿಸುತ್ತಿದ್ದದ್ದು ಆ ಗಾಜಿನ ಹಂಚಿನ ಬೆಳಕಿನಲ್ಲಿ. ಬೆಳಕಿನ ಚೌಕ ನೆಲದಲ್ಲಿ ಎಲ್ಲಿಗೆ ಬಂತೆಂದು ನೋಡಿ ಲುಹರ್ ನಮಾಝಿನ ಹೊತ್ತು ಅಂದಾಜು ಮಾಡುತ್ತಿದ್ದರು.

ಲೆಕ್ಕ ನೋಡಿ. ಒಂದು ಚದರ ಮೀಟರಿಗೆ ಸುಮಾರು ಹದಿನೈದು ಹಂಚು. ಎರಡೂವರೆ ಕಿಲೋದಂತೆ ಹಿಡಿದರೆ ಸುಮಾರು 38 ಕಿಲೋ. ಹತ್ತು ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಸ್ಲ್ಯಾಬ್ ಅದೇ ಜಾಗಕ್ಕೆ 250 ಕಿಲೋ ತೂಗುತ್ತದೆ. ರೀಪು, ಪಕ್ಕಾಸಿನ ಮರ ಸೇರಿಸಿದರೂ ಹಂಚಿನ ಮಾಡು ಅದರ ಮೂರನೆಯ ಒಂದಕ್ಕಿಂತ ಕಡಿಮೆ. ಮೇಲೆ ಭಾರ ಕಡಿಮೆಯಾದರೆ ಗೋಡೆಗೆ, ಪಂಚಾಂಗಕ್ಕೆ ಎಲ್ಲಕ್ಕೂ ಕಡಿಮೆ ಸಾಕು. ಸರಳವಾದ ಒಂದು ಭಾಗ ತನ್ನ ಕೆಳಗಿನ ಎಲ್ಲವನ್ನೂ ಸರಳ ಮಾಡುತ್ತದೆ.

ಆದರೆ ಈ ಸರಳತೆ ಸುಮ್ಮನೆ ಬರಲಿಲ್ಲ. ನಮ್ಮ ಅಂಗಡಿಯ ಹಂಚುಗಳಲ್ಲಿ ಮೂರು ಕಾರ್ಖಾನೆಗಳ ಗುರುತು ಇತ್ತು. ಆಚಾರಿ ಅವನ್ನು ಬೇರೆ ಬೇರೆ ಅಟ್ಟಿ ಹಾಕಿಸಿದರು. "ಒಂದರ ಗಾಡಿಗೆ ಇನ್ನೊಂದರ ತುಟಿ ಸರಿ ಕೂರುವುದಿಲ್ಲ ಬ್ಯಾರಿಗಳೇ. ಬೆರೆಸಿದರೆ ಸೋರುತ್ತದೆ" ಎಂದರು. ಕೆಲವು ಮಿಲಿಮೀಟರ್ ವ್ಯತ್ಯಾಸ ಅಷ್ಟೇ. ಸರಳ ವಸ್ತುವಿನಲ್ಲಿ ತಪ್ಪನ್ನು ಮುಚ್ಚಲು ಜಾಗವಿಲ್ಲ. ಹಾಗಾಗಿ ಮಣ್ಣಿನ ಹದ, ಒಣಗಿಸುವ ಹೊತ್ತು, ಸುಡುವ ಬಿಸಿ ಎಲ್ಲವೂ ಅಚ್ಚುಕಟ್ಟಾಗಿರಬೇಕು. ಬೇಗ ಒಣಗಿದರೆ ಡೊಂಕಾಗುತ್ತದೆ, ಕಡಿಮೆ ಬೆಂದರೆ ನೀರು ಕುಡಿಯುತ್ತದೆ. ಭಾರತೀಯ ಮಾನಕದಲ್ಲಿ ಈ ಹಂಚಿಗೆ ಬೇರೆಯೇ ಒಂದು ಸಂಖ್ಯೆ ಇದೆ, ಐಎಸ್ 654. ಅದರ ಹೆಸರಿನಲ್ಲೇ 'ಮಂಗಳೂರು ಮಾದರಿ' ಎಂದಿದೆ. ನಮ್ಮ ಊರಿನ ಹೆಸರು ಇಡೀ ದೇಶದ ಒಂದು ಅಳತೆಯ ಹೆಸರಾಯಿತು.

ಅದರ ಬೆಲೆಯೂ ಇತ್ತು

ಹಂಚನ್ನು ಹೊಗಳುವಾಗ ಒಂದು ಬದಿ ಮಾತ್ರ ಹೇಳಬಾರದು. ಮಣ್ಣು ಬಂದದ್ದು ನದಿ ದಡದಿಂದ, ಗದ್ದೆಯಿಂದ. ಅಗೆದ ಗದ್ದೆ ಹೊಂಡವಾಗಿ ಉಳಿಯಿತು. ಭಟ್ಟಿಗೆ ಕಟ್ಟಿಗೆ ಕಾಡಿನಿಂದ. ಕಾರ್ಖಾನೆಯಲ್ಲಿ ಹಸಿ ಹಂಚು ಹೊತ್ತು, ಜೋಡಿಸಿ, ಸುಟ್ಟದ್ದನ್ನು ಇಳಿಸಿದವರಲ್ಲಿ ಹೆಂಗಸರು ಬಹಳ. ಮೂಲೆಯೆಲ್ಲ ನೆಟ್ಟಗಿರುವ ಹಂಚು ಮಾಡಿದವರ ಬೆನ್ನು ನೆಟ್ಟಗೆ ಉಳಿಯಲಿಲ್ಲ. ಕೇರಳದಲ್ಲಿ 2008ರಲ್ಲಿ ಭತ್ತದ ಗದ್ದೆ ಮತ್ತು ಜೌಗುಭೂಮಿ ರಕ್ಷಣೆಯ ಕಾನೂನು ಬಂತು. ಗದ್ದೆಯ ದೃಷ್ಟಿಯಿಂದ ಬೇಕಾದದ್ದೇ ಅದು, ಆದರೆ ಹಂಚಿಗೆ ಮಣ್ಣು ಸಿಗುವುದು ಕಷ್ಟವಾಯಿತು. ಕಾಂಕ್ರೀಟಿನ ಪೈಪೋಟಿಯಲ್ಲಿ ಮೊದಲೇ ಸೊರಗಿದ್ದ ಕಾರ್ಖಾನೆಗಳು, ಇಲ್ಲಿಯೂ ಮಂಗಳೂರಿನಲ್ಲಿಯೂ, ಒಂದೊಂದಾಗಿ ಮುಚ್ಚಿದವು.

ಹಾಗಾದರೆ ಹೊಸ ಹಂಚು ಸುಟ್ಟು ಎಲ್ಲರೂ ಹಂಚಿನ ಮನೆ ಕಟ್ಟಬೇಕೆಂದು ನಾನು ಹೇಳುತ್ತಿದ್ದೇನೆಯೇ? ಇಲ್ಲ. ಈಗಾಗಲೇ ಸುಟ್ಟ, ಈಗಾಗಲೇ ಬೆಲೆ ತೆತ್ತ ಹಂಚನ್ನು ಜೆಸಿಬಿಯ ಬಾಯಿಗೆ ಕೊಟ್ಟು ಪುಡಿ ಮಾಡಬೇಡಿ ಎಂದಷ್ಟೇ ಹೇಳುತ್ತಿದ್ದೇನೆ. ಉಪ್ಪ ನನಗಿಂತ ಮೊದಲೇ ಇದನ್ನು ತಿಳಿದಿದ್ದರು.

ಪಳ್ಳಿಯ ಮಾಡು

ಈಗ ಮನಸ್ಸಿಗೆ ಹತ್ತಿರದ ವಿಷಯಕ್ಕೆ ಬರುತ್ತೇನೆ. ಮಾಲಿಕ್ ದೀನಾರ್(ರ) ಮತ್ತು ಅವರ ಸಂಗಡಿಗರು ಕಟ್ಟಿದ್ದೆಂದು ನಮ್ಮ ಹಿರಿಯರು ಹೇಳಿಕೊಂಡು ಬಂದ ಪಳ್ಳಿಗಳಲ್ಲಿ ಕಾಸರಗೋಡು, ಮಂಗಳೂರು, ಬಾರ್ಕೂರಿನವೂ ಇವೆ. ನಮ್ಮ ಕರಾವಳಿಯ ಹಳೆಯ ಪಳ್ಳಿಗಳನ್ನು ನೋಡಿದವರಿಗೆ ಗೊತ್ತು, ಅವಕ್ಕೆ ಗುಂಬಜ್ ಇರಲಿಲ್ಲ, ಮಿನಾರ ಇರಲಿಲ್ಲ. ಓರೆ ಮಾಡು, ಅಗಲ ಸೂರು, ಮುರಕಲ್ಲಿನ ಗೋಡೆ, ಮರದ ಕಂಬ. ಕೋಝಿಕ್ಕೋಡಿನ ಕುಟ್ಟಿಚ್ಚಿರದ ಮಿಸ್ಕಾಲ್ ಪಳ್ಳಿಯಲ್ಲಿ ಒಂದರ ಮೇಲೊಂದು ಅಂತಸ್ತಿಗೆ ಓಡಿನ ಮಾಡು, ಮಿನಾರ ಮಾತ್ರ ಇಲ್ಲ. 1510ರಲ್ಲಿ ಪೋರ್ಚುಗೀಸರು ಬೆಂಕಿ ಹಚ್ಚಿದ ಪಳ್ಳಿ ಅದು. ಮತ್ತೆ ಎದ್ದು ನಿಂತಾಗಲೂ ಅದೇ ರೂಪದಲ್ಲಿ ಎದ್ದಿತು.

ಸರಳ ಎಂದರೆ ಬರಿದು ಎಂದು ತಿಳಿಯಬೇಡಿ. ಮಂಗಳೂರಿನ ಬಂದರಿನ ಝೀನತ್ ಬಕ್ಷ್ ಪಳ್ಳಿಯ ಒಳಗೆ ತೇಗದ ಕಂಬಗಳ ಕೆತ್ತನೆ ನೋಡಿ. ಕೆತ್ತನೆ ಇದೆ, ಆದರೆ ಕಂಬವೇ ಆದ ಮರದ ಮೇಲಿದೆ. ಅಂದಕ್ಕೆಂದು ಸುಳ್ಳು ಕಂಬ ನಿಲ್ಲಿಸಿಲ್ಲ.

ಗುಂಬಜ್ ಮರ ಕಡಿಮೆ, ಮಳೆ ಕಡಿಮೆ ಇರುವ ನಾಡುಗಳ ಉತ್ತರ. ಉದ್ದದ ತೊಲೆಯಿಲ್ಲದೆ ಕಲ್ಲು, ಇಟ್ಟಿಗೆಯಲ್ಲೇ ದೊಡ್ಡ ಜಾಗಕ್ಕೆ ಮಾಡು ಹಾಕಬೇಕಾದ ಕಷ್ಟಕ್ಕೆ ಅದು ಚೆಂದದ ಪರಿಹಾರ. ನಮ್ಮಲ್ಲಿ ಮರ ಬೇಕಾದಷ್ಟಿತ್ತು, ಮಳೆ ಬೇಡವೆನ್ನುವಷ್ಟಿತ್ತು. ನಮ್ಮ ಉತ್ತರ ಓರೆ ಮಾಡು. ಮದೀನಾದಲ್ಲಿ ಪ್ರವಾದಿ(ಸ) ಕಟ್ಟಿಸಿದ ಮಸೀದಿಗೆ ಹಸಿ ಇಟ್ಟಿಗೆಯ ಗೋಡೆ, ಖರ್ಜೂರದ ದಿಮ್ಮಿಯ ಕಂಬ, ಖರ್ಜೂರದ ಗರಿಯ ಮಾಡು. ರಮಳಾನಿನ ಒಂದು ರಾತ್ರಿ ಮಳೆ ಬಂದು ಆ ಮಾಡು ಸೋರಿದ್ದು, ಸುಜೂದ್‌ನಿಂದ ಎದ್ದಾಗ ಪ್ರವಾದಿಯವರ ಹಣೆಯಲ್ಲಿ ಕೆಸರು ಕಂಡದ್ದು ನಾವೆಲ್ಲ ಮದ್ರಸದಲ್ಲಿ ಕೇಳಿದ ಹದೀಸ್. ಬಿಲಾಲ್(ರ) ಅಝಾನ್ ಕೊಟ್ಟದ್ದು ಮಿನಾರದಿಂದಲ್ಲ, ಪಕ್ಕದ ಎತ್ತರದ ಮನೆಯ ಮೇಲಿಂದ. ಊರಿನಲ್ಲಿ ಸಿಗುವ ವಸ್ತುವಿನಿಂದ ಊರಿನ ಹವೆಗೆ ತಕ್ಕ ಹಾಗೆ ಕಟ್ಟುವುದು ನಮ್ಮವರ ಅಜ್ಞಾನವಾಗಿರಲಿಲ್ಲ. ಮೊದಲ ಮಸೀದಿಯೂ ಹಾಗೆಯೇ ಇತ್ತು.

ಆದರೆ ಗುಂಬಜ್ ಕಟ್ಟಿದವರನ್ನು ನಾನು ಹೀಯಾಳಿಸಲಾರೆ. ಓಡು ಯಾರು ಹಾಕಬೇಕು, ಹಾಕಬಾರದು ಎಂಬ ಕಾಲವಿತ್ತು ಎಂದು ಮೇಲೆ ಹೇಳಿದೆನಲ್ಲ. ಹಾಗೆ ಮುದುಡಿ ಬದುಕಿದ ಜನರ ಕೈಗೆ ಗಲ್ಫಿನ ದುಡ್ಡು ಬಂದಾಗ 'ನಾವೂ ಇದ್ದೇವೆ' ಎಂದು ಎತ್ತರಿಸಿ ತೋರಿಸುವ ಆಸೆ ಹುಟ್ಟುವುದು ಸಹಜ. ದುಬೈ, ದಮ್ಮಾಮಿನ ಬಿಸಿಲಲ್ಲಿ ದುಡಿದವರು ಅಲ್ಲಿ ಕಂಡ ರೂಪವನ್ನು ಊರಿಗೆ ತಂದರು. ಅದರ ಹಿಂದೆ ಪ್ರೀತಿಯಿದೆ. ಹೊಸ ಪಳ್ಳಿಗಳಲ್ಲಿ ಜಾಗವೂ ಹೆಚ್ಚಿದೆ, ಶುಕ್ರವಾರ ಹೊರಗೆ ಮಳೆಯಲ್ಲಿ ನಿಲ್ಲುವುದು ತಪ್ಪಿದೆ. ನನ್ನ ಸಂಕಟ ಇಷ್ಟೇ: ಹೊಸದು ಕಟ್ಟಲು ಹಳೆಯದನ್ನು ಕೆಡಹಬೇಕೆಂದು ನಾವು ಬಹಳ ಬೇಗ ಒಪ್ಪಿಕೊಂಡೆವು. ಹಳೆಯದರ ಒಂದು ಫೋಟೊ ಕೂಡ ತೆಗೆದಿಡಲಿಲ್ಲ.

ಸ್ಲ್ಯಾಬಿನ ಮೇಲೊಂದು ಶೀಟು

ಈಗ ನಮ್ಮ ಊರುಗಳಲ್ಲಿ ನಡೆಯುವುದನ್ನು ನೋಡಿ. ಹಂಚು ತೆಗೆದು ಟೆರೇಸ್ ಹಾಕುತ್ತೇವೆ. ಕೆಲವು ಮಳೆಗಾಲ ಕಳೆದ ಮೇಲೆ ಟೆರೇಸ್ ಸೋರುತ್ತದೆ. ಬೇಸಗೆಯಲ್ಲಿ ಹಗಲಿಡೀ ಬಿಸಿ ಹೀರಿದ ಸ್ಲ್ಯಾಬ್ ಇಶಾ ಆದಮೇಲೂ ಕೆಳಗೆ ಬಿಸಿ ಬಿಡುತ್ತಿರುತ್ತದೆ. ಆಗ ಟೆರೇಸಿನ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಓರೆಯಾಗಿ ಶೀಟು ಹಾಕಿಸುತ್ತೇವೆ. ಓರೆ ಮಾಡನ್ನು ತೆಗೆದು ಸಪಾಟು ಮಾಡು ಹಾಕಿ, ಅದನ್ನು ಕಾಪಾಡಲು ಮತ್ತೆ ಓರೆ ಮಾಡು. ಒಂದೇ ಮನೆಗೆ ಎರಡು ಮಾಡಿನ ಖರ್ಚು. ಇನ್ನು ಕೆಲವರು ಕಾಂಕ್ರೀಟನ್ನೇ ಓರೆಯಾಗಿ ಸುರಿದು ಅದರ ಮೇಲೆ ಚೆಂದಕ್ಕೆ ಹಂಚು ಅಂಟಿಸುತ್ತಾರೆ. ಆ ಹಂಚಿಗೆ ಕೆಲಸವಿಲ್ಲ. ಅದು ವೇಷ.

'ಮಿನಿಮಲಿಸಂ' ಎಂಬ ಮಾತು ಈಗ ಇಂಟೀರಿಯರ್ ಮಾಡುವವರ ಬಾಯಲ್ಲಿ ಬಹಳ. ಬಿಳಿ ಗೋಡೆ, ಕಾಣದ ಹಿಡಿಕೆಯ ಕಪಾಟು, ಒಳಗೆ ಅಡಗಿಸಿದ ದೀಪ. ನೋಡಲು ಏನೂ ಇಲ್ಲದ ಹಾಗಿರುತ್ತದೆ. ಆದರೆ ದೀಪ ಕೆಟ್ಟರೆ ಸೀಲಿಂಗ್ ಒಡೆಯಬೇಕು, ದುರಸ್ತಿಗೆ ಮಂಗಳೂರಿನಿಂದ ಜನ ಬರಬೇಕು. ಕಾಣುವುದಕ್ಕೆ ಕಡಿಮೆ, ಇರುವುದು ಹೆಚ್ಚು. ಹಂಚಿನ ಮಾಡು ಇದರ ಉಲ್ಟಾ. ಕೆಳಗೆ ಮಲಗಿ ಮೇಲೆ ನೋಡಿದರೆ ಪಕ್ಕಾಸು, ರೀಪು, ಹಂಚು ಎಲ್ಲ ಕಾಣುತ್ತದೆ. ಎಲ್ಲಿ ಸೋರುತ್ತಿದೆ ಎಂದು ಮಗುವಿಗೂ ತಿಳಿಯುತ್ತದೆ. ಒಂದು ಹಂಚು ಒಡೆದರೆ ಒಂದೇ ಹಂಚು ಬದಲಿಸಬೇಕು. ಯಾವುದು ಸರಳ ಎಂದು ತಿಳಿಯಲು ಅಂದವನ್ನು ನೋಡಬೇಡಿ, ಕೆಟ್ಟ ದಿನ ಏನಾಗುತ್ತದೆ ಎಂದು ನೋಡಿ. ಕಾರ್ಯಾಗಾರದಲ್ಲಿ ನಾನು ಕಲಿತ ಪಾಠವೂ ಅದೇ.

ಕಾಂಕ್ರೀಟ್ ಬೇಡವೇ ಬೇಡ ಎಂದಲ್ಲ. ತೆಂಗಿನಕಾಯಿ ಬಿದ್ದರೆ ಹಂಚು ಒಡೆಯುತ್ತದೆ. ಮಂಗಗಳ ಕಾಟ, ಗೆದ್ದಲು, ಕಳ್ಳರ ಹೆದರಿಕೆ ಇದೆ. ಮಳೆಗಾಲಕ್ಕೆ ಮೊದಲು ಮಾಡು ಹತ್ತುವವರು ಸಿಗುವುದಿಲ್ಲ. ಇವೆಲ್ಲ ನಿಜ. ಇದಕ್ಕೆ ದಾರಿ ತೋರಿಸಿದ ಒಬ್ಬರ ಹೆಸರು ಹೇಳಬೇಕು, ಲಾರಿ ಬೇಕರ್. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ 1917ರಲ್ಲಿ ಹುಟ್ಟಿ, 1945ರಲ್ಲಿ ಕುಷ್ಠರೋಗಿಗಳ ಆಸ್ಪತ್ರೆಗಳ ಕೆಲಸಕ್ಕೆ ಭಾರತಕ್ಕೆ ಬಂದು, ಕೊನೆಗೆ ತಿರುವನಂತಪುರದಲ್ಲೇ ನೆಲೆಸಿ, 2007ರಲ್ಲಿ ತೀರಿಕೊಂಡ ವಾಸ್ತುಶಿಲ್ಪಿ. ಅವರು ಹಳೆಯ ಮಂಗಳೂರು ಹಂಚನ್ನು ಕಾಂಕ್ರೀಟ್ ಸ್ಲ್ಯಾಬಿನ ಒಳಗೆ ಇಟ್ಟರು. ಸ್ಲ್ಯಾಬ್ ಬಾಗುವಾಗ ಮೇಲಿನ ಅರ್ಧ ಒತ್ತುತ್ತದೆ, ಕೆಳಗಿನ ಅರ್ಧ ಎಳೆಯುತ್ತದೆ. ಎಳೆತ ತಡೆಯುವುದು ಕಂಬಿ. ಅಲ್ಲಿರುವ ಕಾಂಕ್ರೀಟು ಹೆಚ್ಚುಪಾಲು ಸುಮ್ಮನೆ ಭಾರ. ಆ ಸುಮ್ಮನಿರುವ ಕಾಂಕ್ರೀಟಿನ ಜಾಗದಲ್ಲಿ, ಕಂಬಿಗಳ ನಡುವೆ, ಹಳೆಯ ಹಂಚು ಇಟ್ಟರೆ ಸಿಮೆಂಟ್ ಉಳಿಯುತ್ತದೆ, ಭಾರ ಇಳಿಯುತ್ತದೆ, ಎರಡು ಹಂಚಿನ ನಡುವಿನ ಗಾಳಿ ಬಿಸಿಯನ್ನೂ ತಡೆಯುತ್ತದೆ. ಕೆಲಸ ಮಾಡದ್ದನ್ನು ತೆಗೆಯಬೇಕು ಎಂಬ ಯೋಚನೆಯಿಂದ ಹುಟ್ಟಿದ ಸರಳತೆ ಇದು.

ನಮ್ಮ ಸಾವಿರದ ಇನ್ನೂರು

ಇಳಿಸಿದ ಹಂಚು ಮನೆಯ ಹಿಂದೆ ಎರಡು ಮಳೆಗಾಲ ಅಟ್ಟಿಯಾಗಿ ಕೂತಿತ್ತು. ಹಳೆ ಸಾಮಾನು ಕೊಳ್ಳುವವರು ಬಂದು ಕೇಳಿದರು. ಉಪ್ಪ ಕೊಡಲಿಲ್ಲ. ಹೊಸ ಅಂಗಡಿ ಬಾಡಿಗೆಯ ಕಾಂಪ್ಲೆಕ್ಸಿನಲ್ಲಿ, ಶಟರ್ ಬಾಗಿಲಿನದು. ಅಲ್ಲಿ ಹಂಚಿಗೆ ಜಾಗವಿಲ್ಲ. ಆ ಹೊತ್ತಿಗೆ ನಮ್ಮ ಜಮಾಅತಿನಲ್ಲಿ ಮದ್ರಸದ ಮಕ್ಕಳಿಗೆ ಎರಡು ಕೋಣೆ ಸೇರಿಸುವ ಮಾತು ಎದ್ದಿತು. ನಾನು ಸಭೆಯಲ್ಲಿ ಎದ್ದು ಹಂಚು ಕೊಡುತ್ತೇವೆ, ಓರೆ ಮಾಡು ಹಾಕೋಣ ಎಂದೆ. ತೂಕದ ಲೆಕ್ಕವನ್ನೂ ಹೇಳಿದೆ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಹಿರಿಯ ಹಾಜಿಯವರು ಹೇಳಿದರು: "ನಿನ್ನ ಲೆಕ್ಕ ಸರಿ ಇರಬಹುದು. ನಾನು ಓದಿದ್ದು ಮಡಲಿನ ಮದ್ರಸದಲ್ಲಿ. ಪುಸ್ತಕದ ಮೇಲೆ ನೀರು ಬೀಳುತ್ತಿತ್ತು. ನಮ್ಮ ಮಕ್ಕಳು ಹಳೆಯ ಸಾಮಾನಿನ ಕೆಳಗೆ ಕೂರಬೇಕೇ?" ಅವರ ಮಾತಿಗೆ ನನ್ನ ಹತ್ತಿರ ತಕ್ಷಣ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ. ಬಡತನ ಅನುಭವಿಸಿದವನಿಗೆ ಸರಳತೆಯನ್ನು ಬೋಧಿಸುವುದು ಸುಲಭವಲ್ಲ. ಬಿಟ್ಟದ್ದು ಸರಳತೆ, ಸಿಗದೆ ಹೋದದ್ದು ಬಡತನ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ.

ಕೊನೆಗೆ ಕೋಣೆಗಳಿಗೆ ಸ್ಲ್ಯಾಬೇ ಆಯಿತು. ಆದರೆ ಬೇಕರ್ ಅವರ ರೀತಿಯಲ್ಲಿ, ಒಳಗೆ ಹಂಚಿಟ್ಟು. ಮೇಸ್ತ್ರಿಗೆ ನಾನು ಕಾಗದದಲ್ಲಿ ಬರೆದು ತೋರಿಸಿದೆ. ಕಂಬಿಯ ಲೆಕ್ಕ ನನ್ನದಲ್ಲ, ಸಿವಿಲ್ ಓದಿದ ಗೆಳೆಯನದು. ಉಳಿದ ಹಂಚಿನಲ್ಲಿ ವುಝೂ ಮಾಡುವ ಜಾಗಕ್ಕೂ ಅಲ್ಲಿಂದ ಪಳ್ಳಿಯ ಬಾಗಿಲಿನವರೆಗಿನ ದಾರಿಗೂ ಓರೆ ಮಾಡು ಬಂತು. ಮೊದಲ ಮಳೆಯ ದಿನ ಉಪ್ಪ ಬೇಗನೆ ಹೋಗಿ ಅದರ ಕೆಳಗೆ ನಿಂತು ಮೇಲೆ ನೋಡಿದರು. ಒಂದು ಕಡೆ ಹನಿ ಬೀಳುತ್ತಿತ್ತು. ಅಲ್ಲೇ ಇದ್ದ ಕೋಲಿನಿಂದ ಹಂಚನ್ನು ಸ್ವಲ್ಪ ತಳ್ಳಿದರು. ಹನಿ ನಿಂತಿತು. ಹಾಜಿಯವರು ಪಕ್ಕದಲ್ಲೇ ವುಝೂ ಮಾಡುತ್ತಿದ್ದರು. ನೋಡಿದರು, ಏನೂ ಹೇಳಲಿಲ್ಲ.

1956ರ ನವೆಂಬರ್ 1ರವರೆಗೆ ನಮ್ಮ ಕಾಸರಗೋಡು ಮಂಗಳೂರಿನ ಜೊತೆ ಒಂದೇ ಜಿಲ್ಲೆಯಾಗಿತ್ತು. ಆಮೇಲೆ ತಲಪಾಡಿಯಲ್ಲಿ ಗಡಿ ಬಂತು. ಮಾಡಿನ ಮೇಲೆ ಆ ಗಡಿ ಕಾಣುವುದಿಲ್ಲ. ಆಚೆಗೂ ಈಚೆಗೂ ಅದೇ ಕೆಂಪು, ಅದೇ ಓರೆ. ಪಳ್ಳಿ, ದೇವಸ್ಥಾನ, ಇಗರ್ಜಿ, ಶಾಲೆ, ಅಂಗಡಿ ಎಲ್ಲಕ್ಕೂ ಒಂದೇ ಹಂಚು. ಒಂದು ಕಾಲದಲ್ಲಿ ಮೇಲು ಕೀಳು ತೋರಿಸುತ್ತಿದ್ದ ವಸ್ತು, ಸರಳವೂ ಅಗ್ಗವೂ ಆದ ಕೂಡಲೇ ಎಲ್ಲರ ತಲೆಯ ಮೇಲೂ ಒಂದೇ ಆಯಿತು. ನನ್ನ ದೃಷ್ಟಿಯಲ್ಲಿ ಅದರ ದೊಡ್ಡ ಗುಣ ಇದು.

ಓದಿದವರಲ್ಲಿ ಒಂದು ವಿನಂತಿ. ನಿಮ್ಮ ಹಳೆಯ ಮನೆ, ಅಂಗಡಿ, ಪಳ್ಳಿ ಕೆಡಹುವ ದಿನ ಬಂದರೆ ಒಂದು ಹಂಚನ್ನು ಇಳಿಸಿ, ತೊಳೆದು, ಬೆನ್ನಿನ ಗುರುತನ್ನು ಬರೆದಿಡಿ. ಮಾಡಿನ ಒಂದು ಫೋಟೊ ತೆಗೆಯಿರಿ. ಅದನ್ನು ಕಟ್ಟಿಸಿದವರು ಯಾರು, ಹಂಚು ಎಲ್ಲಿಂದ ಬಂತು, ಗಾಡಿಯಲ್ಲೋ ದೋಣಿಯಲ್ಲೋ ಎಂದು ಮನೆಯ ಹಿರಿಯರನ್ನು ಕೇಳಿ. ಇವತ್ತೇ ಕೇಳಿ. ಹಂಚು ಇನ್ನೂ ನೂರು ವರ್ಷ ಇದ್ದೀತು. ಕೇಳಲು ಹಿರಿಯರು ಇರುವುದಿಲ್ಲ.